ಹಿತ್ತಿಲ ಬಾಗಿಲಿನಿಂದ ಬಂದ ಬಾಳೆಹಣ್ಣು

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನಿಗೆ ಬೆಂಗಳೂರಿಗೆ ಬಂದಾಗ ಒಂದೇ ಒಂದು ಚಪಲ. ಮಗನ ಮನೆಯ ಹತ್ತಿರದ ಮೈಕ್ರೋಬ್ರೂವರಿಯಲ್ಲಿ ಕೂತು, ಗಾಜಿನಾಚೆ ಮಿನುಗುವ ದೊಡ್ಡ ಹಂಡೆಗಳನ್ನು ನೋಡುತ್ತ ಒಂದು ಲೋಟ ಬಿಯರ್ ಕುಡಿಯುವುದು. ಕುಡಿಯುವುದಕ್ಕಿಂತ ಹಂಡೆ ನೋಡುವುದೇ ಹೆಚ್ಚು. ಜೀವಮಾನವಿಡೀ ಅಡಿಕೆ ಬೇಯಿಸಿದವರ ಕಣ್ಣು ಅದು.

ಹೋದ ಸಲ ನಾನೂ ಜೊತೆಗಿದ್ದೆ. ನನ್ನ ಗೆಳೆಯನೊಬ್ಬನೂ ಇದ್ದ. ಅವನಿಗೆ ಬಿಯರಿಗೆ ಅಂಕ ಹಾಕುವ ಹುಚ್ಚು. ಎಲ್ಲಿಗೆ ಹೋದರೂ ಜೇಬಿನಲ್ಲಿ ಅಂಕಪಟ್ಟಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಆ ದಿನ ಬೇರೆ ಅವನಿಗೆ ಜೋರು ನೆಗಡಿ. ಆದರೂ ಸ್ಯಾಂಪ್ಲರ್ ತರಿಸಿದ: ಮರದ ಹಲಗೆಯ ಮೇಲೆ ಸಾಲಾಗಿ ಆರು ಪುಟ್ಟ ಲೋಟ, ಆರು ಬಗೆಯ ಬಿಯರ್. ಮೂರನೆಯದು ಮೋಡ ಕವಿದಂತೆ ಮಬ್ಬಾಗಿದ್ದ ಗೋಧಿ ಬಿಯರ್. ಚಿಕ್ಕಪ್ಪ ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದರು.

‘ಎಂತ ಮಾರಾಯ, ಇದಕ್ಕೆ ಬಾಳೆಹಣ್ಣು ಕಿವುಚಿ ಹಾಕಿದಾರೆ. ಒಂಚೂರು ಲವಂಗನೂ ಬಿದ್ದಿದೆ.’

ಬಡಿಸುವ ಹುಡುಗ ಇಲ್ಲವೆಂದ. ಚಿಕ್ಕಪ್ಪ ನಂಬಲಿಲ್ಲ. ಕೊನೆಗೆ ಬಿಯರ್ ತಯಾರಿಸುವ ಹುಡುಗನೇ ಒಳಗಿನಿಂದ ಬಂದು, ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ, ಎಸೆನ್ಸ್ ಕೂಡ ಇಲ್ಲ ಎಂದು ಆಣೆ ಇಟ್ಟ. ‘ನಲವತ್ತು ವರ್ಷ ಬಾಳೆಗೊನೆ ಹೊತ್ತವನಿಗೆ ಹೇಳ್ತಾನಲ್ಲ’ ಎಂದು ಚಿಕ್ಕಪ್ಪ ನನ್ನ ಕಡೆ ತಿರುಗಿ ಗೊಣಗಿದರು. ಅಷ್ಟರಲ್ಲಿ ಗೆಳೆಯ ಅದೇ ಲೋಟದಿಂದ ಒಂದು ಗುಟುಕು ಹೀರಿ, ಮೂಗು ಒರೆಸಿಕೊಂಡು, ‘ಬಾಳೆಹಣ್ಣೂ ಇಲ್ಲ, ಎಂತದೂ ಇಲ್ಲ. ಸಪ್ಪೆ ಸೋಡಾ’ ಎಂದು 50ಕ್ಕೆ 19 ಬರೆದ.

ಒಂದೇ ಲೋಟದಲ್ಲಿ ಎರಡು ಒಗಟು. ಹಾಕದೇ ಇರುವ ಹಣ್ಣು ಒಬ್ಬರ ಬಾಯಿಗೆ ಬಂದದ್ದು ಹೇಗೆ? ಒಬ್ಬರ ಬಾಯಿಗೆ ಬಂದದ್ದು ಇನ್ನೊಬ್ಬರಿಗೆ ಬಾರದೆ ಹೋದದ್ದು ಹೇಗೆ? ಹುಡುಗ ಸುಳ್ಳು ಹೇಳಿರಲಿಲ್ಲ. ಚಿಕ್ಕಪ್ಪನಿಗೂ ಭ್ರಮೆಯಾಗಿರಲಿಲ್ಲ.

ಹೆಸರಿನಲ್ಲೇ ಉತ್ತರ

ಬಿಯರಿಗೆ ಬೇಕಾದ ಸಾಮಾನು ನಾಲ್ಕೇ. ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಅಂದರೆ ಮಾಲ್ಟ್, ಕಹಿ ಕೊಡುವ ಹಾಪ್ಸ್ ಎಂಬ ಬಳ್ಳಿಯ ಹೂವು, ನೀರು, ಯೀಸ್ಟ್. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹುರಿದು ಹಿಟ್ಟು ಮಾಡುವ ನಮ್ಮ ತಾಯಂದಿರಿಗೆ ಮಾಲ್ಟ್ ಎಂದರೇನೆಂದು ಬೇರೆ ಹೇಳಬೇಕಿಲ್ಲ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವು ಸಕ್ಕರೆಯಾಗಲು ತಯಾರಾಗಿ ಕೂತಿರುತ್ತದೆ. ಬಿಸಿನೀರಿನಲ್ಲಿ ನೆನೆಸಿದರೆ ಸಿಹಿ ಗಂಜಿ. ಅದನ್ನು ಸೋಸಿ, ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಮುಂದಿನದು ಯೀಸ್ಟಿನ ಕೆಲಸ.

1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ಏನೇನು ಹಾಕಬಹುದೆಂದು ಕಟ್ಟಳೆ ಹೊರಡಿಸಿದಾಗ ಬಾರ್ಲಿ, ಹಾಪ್ಸ್, ನೀರು ಎಂದಷ್ಟೇ ಬರೆದರು. ಯೀಸ್ಟಿನ ಹೆಸರೇ ಇರಲಿಲ್ಲ. ಅದೊಂದು ಜೀವಿ ಎಂದು ಯಾರಿಗೂ ಗೊತ್ತಿರಲಿಲ್ಲ. ಹಳೆಯ ಹಂಡೆಯ ತಳದ ಗಷ್ಟನ್ನು ಹೊಸ ಹಂಡೆಗೆ ಸುರಿಯುತ್ತಿದ್ದರು, ನಾವು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಲೂಯಿ ಪಾಶ್ಚರ್ ಬಿಯರಿನ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದದ್ದು 1876ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕಣದಿಂದ ಶುದ್ಧ ತಳಿ ಬೆಳೆಸಿ ತೋರಿಸಿದ್ದು 1883ರಲ್ಲಿ.

ನಮ್ಮ ಮೂರನೆಯ ಲೋಟವೂ ಬವೇರಿಯಾದ ಸಂತಾನವೇ. ಕಟ್ಟಳೆಯಲ್ಲಿ ಗೋಧಿಗೆ ಜಾಗವಿರಲಿಲ್ಲ, ಆದರೆ ಗೋಧಿ ಬಿಯರ್ ಮಾಡುವ ಹಕ್ಕನ್ನು ಅರಮನೆಯವರು ಮುಂದೆ ತಾವೇ ಇಟ್ಟುಕೊಂಡರು. ಕಾನೂನು ಊರಿಗೆ, ಕುಡಿತ ಅರಮನೆಗೆ! ಇದಕ್ಕೆ ಜರ್ಮನ್ ಭಾಷೆಯಲ್ಲಿ ಹೆಫೆವೈಟ್ಸನ್ ಎಂದು ಹೆಸರು. ಹೆಫೆ ಎಂದರೆ ಯೀಸ್ಟ್, ವೈಟ್ಸನ್ ಎಂದರೆ ಗೋಧಿ. ಲೋಟದ ಮಬ್ಬು ಗೋಧಿಯ ಪ್ರೋಟೀನಿನದು, ಸೋಸದೆ ಬಿಟ್ಟ ಯೀಸ್ಟಿನದು. ಬಾಳೆಹಣ್ಣಿನ ಗುಟ್ಟೂ ಆ ಹೆಸರಿನ ಮೊದಲರ್ಧದಲ್ಲೇ ಇದೆ.

ಎಸೆನ್ಸ್ ಮಾಡುವ ಜೀವಿ

ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಮುಖ್ಯ ಅಡುಗೆ. ದೊಡ್ಡ ಅಡುಗೆ ನಡೆಯುವಾಗ ಒಲೆಯ ಬದಿಯಲ್ಲಿ ಚಟ್ನಿ, ಗೊಜ್ಜು, ಒಗ್ಗರಣೆ ಆಗುವಂತೆ ಯೀಸ್ಟಿನೊಳಗೂ ನೂರೆಂಟು ಸಣ್ಣ ಕೆಲಸ ನಡೆಯುತ್ತಿರುತ್ತದೆ. ಧಾನ್ಯದ ಪ್ರೋಟೀನಿನ ಚೂರುಗಳನ್ನೂ ಅದು ಒಡೆಯುತ್ತದೆ. ಬೇಕಾದ ಸಾರಜನಕ ತೆಗೆದುಕೊಂಡ ಮೇಲೆ ಉಳಿದ ಸಿಪ್ಪೆಯಿಂದ ಒಂದು ಭಾರದ ಮದ್ಯಸಾರವಾಗುತ್ತದೆ. ಅದಕ್ಕೆ ವಿನೆಗರಿನ ಆಮ್ಲದ ಒಂದು ತುಂಡನ್ನು ಯೀಸ್ಟ್ ಅಂಟಿಸುತ್ತದೆ. ಹೀಗೆ ಒಂದು ಮದ್ಯಸಾರವೂ ಒಂದು ಆಮ್ಲವೂ ಕೈಹಿಡಿದರೆ ಹುಟ್ಟುವ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ಎಸ್ಟರ್ ಎನ್ನುತ್ತಾರೆ. ನಾವು ಕಂಪುಜೋಡಿ ಎಂದುಕೊಳ್ಳೋಣ, ಏಕೆಂದರೆ ಹಣ್ಣುಗಳ ಕಂಪಿನಲ್ಲಿ ಬಹುಪಾಲು ಇಂಥ ಜೋಡಿಗಳದ್ದೇ.

ಇಲ್ಲಿ ಹುಟ್ಟಿದ ಜೋಡಿಯ ಹೆಸರು ಐಸೋಅಮೈಲ್ ಅಸಿಟೇಟ್. ಮಾಗಿದ ಬಾಳೆಹಣ್ಣಿನಲ್ಲಿ ಇರುವುದೂ ಇದೇ. ಬಾಳೆಹಣ್ಣಿನ ಎಸೆನ್ಸ್ ಎಂದು ಮಿಠಾಯಿಗೆ ಹಾಕುವುದೂ ಮುಖ್ಯವಾಗಿ ಇದನ್ನೇ. ಆದ್ದರಿಂದ ಚಿಕ್ಕಪ್ಪನಿಗೆ ಬಂದದ್ದು ಬಾಳೆಹಣ್ಣಿನ ‘ಥರದ’ ಕಂಪಲ್ಲ. ಅಣು ಅಣುವಿಗೂ ಅದೇ. ತೋಟದಲ್ಲಿ ಬಾಳೆಗಿಡ ಮಾಡುವ ಕೆಲಸವನ್ನು ಹಂಡೆಯಲ್ಲಿ ಯೀಸ್ಟ್ ಮಾಡಿದೆ. ಒಂದು ಲೀಟರ್ ಬಿಯರಿಗೆ ಕೆಲವೇ ಮಿಲಿಗ್ರಾಂ ಸಾಕು.

ಲವಂಗದ ಕಥೆ ಸ್ವಲ್ಪ ಬೇರೆ. ಗೋಧಿ, ಬಾರ್ಲಿಯ ಜೀವಕೋಶಗಳ ಗೋಡೆಯಲ್ಲಿ ಫೆರೂಲಿಕ್ ಆಮ್ಲ ಎಂಬ ವಸ್ತುವಿದೆ. ಅದರ ಬಾಲ ಕತ್ತರಿಸಿದರೆ ಲವಂಗದ ಯೂಜಿನಾಲಿಗೆ ದಾಯಾದಿಯಂತಿರುವ ಇನ್ನೊಂದು ಅಣು ಸಿಗುತ್ತದೆ. ಕಾಡಿನ ಯೀಸ್ಟುಗಳಿಗೆಲ್ಲ ಈ ಕತ್ತರಿ ಇರುತ್ತದೆ. ಆದರೆ ಬಿಯರ್ ತಯಾರಕರಿಗೆ ಆ ಘಾಟು ಹಿಡಿಸುತ್ತಿರಲಿಲ್ಲವಾದ್ದರಿಂದ, ನೂರಾರು ವರ್ಷ ಒಳ್ಳೆಯ ಗಷ್ಟನ್ನೇ ಆರಿಸಿ ಆರಿಸಿ ಹೆಪ್ಪು ಹಾಕುತ್ತ ಹೋದಂತೆ ಬಿಯರಿನ ಹೆಚ್ಚಿನ ಯೀಸ್ಟ್ ತಳಿಗಳು ಈ ಕತ್ತರಿಯನ್ನೇ ಕಳೆದುಕೊಂಡಿವೆ. ಕಾಡುಹಂದಿ ಊರಹಂದಿಯಾದಾಗ ಕೋರೆ ಕುಗ್ಗಿದ ಹಾಗೆ. ಹೆಫೆವೈಟ್ಸನ್ ಮಾಡುವಂಥ ಕೆಲವು ತಳಿಗಳು ಮಾತ್ರ ಕತ್ತರಿಯನ್ನು ಉಳಿಸಿಕೊಂಡಿವೆ.

ಬಿಯರ್ ಮಾಡುವವರ ಜಾಣತನವಿರುವುದು ಯೀಸ್ಟನ್ನು ದುಡಿಸಿಕೊಳ್ಳುವುದರಲ್ಲಿ. ಹಂಡೆ ಸ್ವಲ್ಪ ಬೆಚ್ಚಗಿದ್ದರೆ, ಅಂದರೆ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಕಂಪುಜೋಡಿಗಳು ಹೆಚ್ಚು. 10 ಡಿಗ್ರಿಯ ತಣ್ಣನೆಯಲ್ಲಿ ನಿಧಾನ ಹುದುಗಿಸುವ ಲಾಗರ್ ಬಿಯರಿನಲ್ಲಿ ಕಡಿಮೆ. ಬಾಟಲಿಯ ಮಾಮೂಲಿ ಬಿಯರ್ ಯಾವ ಹಣ್ಣನ್ನೂ ನೆನಪಿಸದಿರುವುದಕ್ಕೆ ಅದೂ ಒಂದು ಕಾರಣ. ಯೀಸ್ಟನ್ನು ಕೊಂಚ ಕಡಿಮೆ ಹಾಕಿದರೆ ಪ್ರತಿಯೊಂದು ಕಣವೂ ಹೆಚ್ಚು ಸಲ ಮರಿ ಹಾಕಬೇಕಾಗಿ ಕಂಪು ಏರುತ್ತದೆ. ಅತಿಯಾದರೆ ಬಾಳೆಹಣ್ಣು ಹೋಗಿ ಉಗುರುಬಣ್ಣದ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಒಂದೇ ರಾತ್ರಿಗೆ ಹುಳಿ ಹೆಚ್ಚಿದ ದೋಸೆ ಹಿಟ್ಟಿನ ಪಾತ್ರೆ ತೆರೆದವರಿಗೆ ಈ ಫಜೀತಿ ಹೊಸದಲ್ಲ.

ನೊಣ ಕರೆಯುವ ಕಂಪು

ಯೀಸ್ಟಿಗೆ ಬಾಳೆಹಣ್ಣಿನ ಕಂಪಿನಿಂದ ಆಗಬೇಕಾದ್ದೇನು? ಅದಕ್ಕೆ ಮೂಗೂ ಇಲ್ಲ, ನಾಲಿಗೆಯೂ ಇಲ್ಲ. ಕಾಲೂ ಇಲ್ಲ, ರೆಕ್ಕೆಯೂ ಇಲ್ಲ, ಮತ್ತು ಅಲ್ಲೇ ಉತ್ತರದ ಸುಳಿವಿದೆ. ಒಂದು ಹಣ್ಣಿನ ಸಕ್ಕರೆ ಮುಗಿದ ಮೇಲೆ ಯೀಸ್ಟ್ ಇನ್ನೊಂದು ಹಣ್ಣಿಗೆ ಹೋಗಬೇಕು. ಯಾರಾದರೂ ಹೊತ್ತೊಯ್ಯಬೇಕು. ಕೊಳೆತ ಬಾಳೆಹಣ್ಣಿನ ಮೇಲೆ ಗುಂಯ್‌ಗುಡುವ ಆ ಸಣ್ಣ ಹಣ್ಣುನೊಣಗಳಿಗಿಂತ ಒಳ್ಳೆಯ ವಾಹನ ಬೇರೆ ಉಂಟೇ?

ಬೆಲ್ಜಿಯಂ ವಿಜ್ಞಾನಿಗಳ ತಂಡವೊಂದು ಕಂಪುಜೋಡಿಗಳನ್ನು ಕಟ್ಟುವ ವಂಶವಾಹಿಯನ್ನೇ ಯೀಸ್ಟಿನಿಂದ ಕಿತ್ತುಹಾಕಿ, ಆ ಮೂಕ ಯೀಸ್ಟನ್ನೂ ಸಹಜ ಯೀಸ್ಟನ್ನೂ ಹಣ್ಣುನೊಣಗಳ ಮುಂದಿಟ್ಟಿತು. ನೊಣಗಳು ಕಂಪಿನ ಯೀಸ್ಟಿನ ಕಡೆಗೇ ಹೆಚ್ಚಾಗಿ ಮುತ್ತಿದವು, ಅದನ್ನೇ ಹೆಚ್ಚಾಗಿ ಹರಡಿದವು. 2014ರಲ್ಲಿ ಪ್ರಕಟವಾದ ಈ ಪ್ರಯೋಗ ಓದಿದ ಮೇಲೆ ನನಗೆ ಅಂಕಪಟ್ಟಿಗಳ ಮೇಲಿನ ಗೌರವ ಸ್ವಲ್ಪ ಕಡಿಮೆಯಾಯಿತು. ನಾವು ‘ಆಹಾ’ ಎಂದು 50ಕ್ಕೆ 40 ಕೊಡುತ್ತಿರುವುದು ನೊಣಕ್ಕೆ ಬರೆದ ಓಲೆಗೆ.

ಇಲ್ಲೊಂದು ಅಡ್ಡ ಮಾತು ಹೇಳದಿದ್ದರೆ ಚಿಕ್ಕಪ್ಪ ಬಿಡುವುದಿಲ್ಲ. ಅವರ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಜೇನುಹುಳ ಕುಟುಕಿದಾಗ ಮುಳ್ಳಿನ ಬುಡದಿಂದ ಹೊರಡುವ ‘ಎಲ್ಲರೂ ಬನ್ನಿ, ಇಲ್ಲಿ ಶತ್ರು’ ಎಂಬ ಕೂಗು ಕೂಡ ಒಂದು ವಾಸನೆಯೇ, ಮತ್ತು ಅದರ ಮುಖ್ಯ ಅಣು ಇದೇ ಐಸೋಅಮೈಲ್ ಅಸಿಟೇಟ್. 1962ರಲ್ಲೇ ಇದು ಪತ್ತೆಯಾಯಿತು. ಬಾಳೆಹಣ್ಣು ತಿಂದ ಕೈಯಲ್ಲಿ ಪೆಟ್ಟಿಗೆ ತೆರೆಯಬೇಡಿ ಎಂದು ಜೇನು ಸಾಕುವವರು ಹೇಳುವುದು ಅದಕ್ಕೇ. ಒಂದೇ ಅಣು: ನೊಣಕ್ಕೆ ಊಟದ ಕರೆ, ಜೇನಿಗೆ ಯುದ್ಧದ ಕಹಳೆ, ನಮಗೆ ಹಣ್ಣು.

ನಾಲಿಗೆಯ ಬಡತನ

ಮೊದಲ ಒಗಟು ಇಷ್ಟಕ್ಕೆ ಬಿಡಿಸಿದಂತಾಯಿತು. ಇನ್ನು ಗೆಳೆಯನ 19 ಅಂಕದ ವಿಚಾರ.

ನೆಗಡಿ ಬಂದಾಗ ಸಾರು ಸಪ್ಪೆ ಎನ್ನುತ್ತೇವೆ. ಕೊರೋನಾ ಕಾಲದಲ್ಲಿ ಎಷ್ಟೋ ಜನ ‘ಬಾಯಿಗೆ ರುಚಿಯೇ ಇಲ್ಲ’ ಎಂದರು. ಅವರಲ್ಲಿ ಬಹಳ ಮಂದಿಯನ್ನು ಕೂರಿಸಿ ಉಪ್ಪು, ಸಕ್ಕರೆ ಕೊಟ್ಟಿದ್ದರೆ ಎರಡನ್ನೂ ಗುರುತಿಸುತ್ತಿದ್ದರು. ಹೋದದ್ದು ಹೆಚ್ಚಾಗಿ ಮೂಗು. ದೂರು ಬಂದದ್ದು ಮಾತ್ರ ನಾಲಿಗೆಯ ಮೇಲೆ.

ನಾಲಿಗೆಗೆ ಗೊತ್ತಾಗುವುದು ಐದೇ: ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಗುರುತಿಸಿದ ಉಮಾಮಿ, ಅಂದರೆ ಚೆನ್ನಾಗಿ ಬೆಂದ ಟೊಮೆಟೊ, ಅಣಬೆಗಳಲ್ಲಿರುವ ಒಂದು ಬಗೆಯ ತುಂಬುತನ. ನಮ್ಮ ಷಡ್ರಸಗಳ ಪಟ್ಟಿಯಲ್ಲಿ ಖಾರವೂ ಒಗರೂ ಇವೆಯಲ್ಲ ಎನ್ನುತ್ತೀರೇನೋ. ಖಾರ ಒಂದು ಉರಿ. ಬಿಸಿಯನ್ನು ತಿಳಿಸುವ ನರಗಳೇ ಮೆಣಸಿನಕಾಯಿಯನ್ನೂ ತಿಳಿಸುತ್ತವೆ. ಒಗರು ಒಂದು ಸ್ಪರ್ಶ. ಅಡಿಕೆಯಲ್ಲಿರುವಂಥ ವಸ್ತುಗಳು ಎಂಜಲಿನ ಜಾರುವ ಪ್ರೋಟೀನನ್ನು ಹಿಡಿದುಕೊಂಡು ಬಾಯಿಯನ್ನು ಒರಟು ಮಾಡುತ್ತವೆ. ಪಟ್ಟಿ ಮಾಡಿದ ಹಿರಿಯರು ಬಾಯಿಗೆ ಆಗುವುದನ್ನೆಲ್ಲ ಬರೆದಿಟ್ಟರು, ಅದು ನನಗೆ ಸರಿಯೇ ಅನ್ನಿಸುತ್ತದೆ. ಬಿಯರಿನ ನೊರೆಗುಳ್ಳೆಗಳ ಚುರುಕೂ ಹೀಗೆ ಅರ್ಧ ಹುಳಿ, ಅರ್ಧ ಉರಿ.

ನಾಲಿಗೆಯ ತುದಿಗೆ ಸಿಹಿ, ಬದಿಗೆ ಹುಳಿ, ಹಿಂದಕ್ಕೆ ಕಹಿ ಎಂದು ಶಾಲೆಯ ಪುಸ್ತಕದಲ್ಲಿದ್ದ ಚಿತ್ರವನ್ನು ಮರೆತುಬಿಡಿ. 1901ರ ಒಂದು ಜರ್ಮನ್ ಲೇಖನವನ್ನು ಮುಂದಿನವರು ತಪ್ಪಾಗಿ ಓದಿದ್ದರಿಂದ ಹರಡಿದ ಕಥೆ ಅದು. ಐದೂ ರುಚಿ ನಾಲಿಗೆಯ ಎಲ್ಲ ಕಡೆಯೂ ತಿಳಿಯುತ್ತವೆ.

ಹಾಗಾದರೆ ಬಿಯರಿನಲ್ಲಿ ನಾಲಿಗೆಯ ಪಾಲೆಷ್ಟು? ಹಾಪ್ಸಿನ ಕಹಿ, ಉಳಿದ ಸಕ್ಕರೆಯ ತುಸು ಸಿಹಿ, ಚೂರು ಹುಳಿ. ಅಷ್ಟೆ. ಬಾಳೆಹಣ್ಣು, ಲವಂಗ, ಸುಟ್ಟ ಬ್ರೆಡ್ಡು, ಕಾಫಿ, ಕಿತ್ತಳೆ ಸಿಪ್ಪೆ, ಜೇನು ಎಂದು ಮೆನು ಕಾರ್ಡಿನಲ್ಲಿ ಬರೆದಿರುವ ಯಾವುದೂ ನಾಲಿಗೆಗೆ ತಿಳಿಯುವಂಥದ್ದಲ್ಲ. ಎಲ್ಲ ಮೂಗಿನ ಆಸ್ತಿ. ಮೂಗಿನ ಮೇಲ್ಛಾವಣಿಯಲ್ಲಿರುವ ವಾಸನೆಯ ಕೋಶಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ದೊಡ್ಡ ಕುಟುಂಬವನ್ನು 1991ರಲ್ಲಿ ಇಲಿಗಳಲ್ಲಿ ಕಂಡುಹಿಡಿದದ್ದಕ್ಕೆ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಸಿಕ್ಕಿತು. ಹಾರ್ಮೋನಿಯಂನಲ್ಲಿ ಒಂದೊಂದು ಮನೆ ಒತ್ತಿದರೆ ಒಂದೊಂದು ಸ್ವರ. ಹಲವು ಮನೆಗಳನ್ನು ಒಟ್ಟಿಗೆ ಒತ್ತಿದರೆ ಎಣಿಸಲಾರದಷ್ಟು ಮೇಳ. 400 ಮನೆಯ ಹಾರ್ಮೋನಿಯಂ ಮುಂದೆ ನಾಲಿಗೆಯದು ಐದು ತೂತಿನ ಪೀಪಿ.

ತಲೆಬಾಗಿಲು, ಹಿತ್ತಿಲ ಬಾಗಿಲು

ಆದರೆ ಚಿಕ್ಕಪ್ಪ ಲೋಟವನ್ನು ಮೂಸಿ ನೋಡಿರಲಿಲ್ಲ. ನೇರ ಕುಡಿದರು. ಮೂಗಿಗೆ ಹೋದದ್ದು ಯಾವ ದಾರಿಯಲ್ಲಿ?

ಮೂಗಿಗೆ ಎರಡು ಬಾಗಿಲು. ಎಲ್ಲರಿಗೂ ಕಾಣುವುದು ತಲೆಬಾಗಿಲು, ಅಂದರೆ ಹೊಳ್ಳೆಗಳು. ಮಲ್ಲಿಗೆ ಮೂಸುವಾಗ, ಪಕ್ಕದ ಮನೆಯ ಒಗ್ಗರಣೆ ಪತ್ತೆ ಮಾಡುವಾಗ ವಾಸನೆ ಬರುವುದು ಇಲ್ಲಿಂದ, ಉಸಿರು ಒಳಗೆಳೆದಾಗ. ಇನ್ನೊಂದು ಹಿತ್ತಿಲ ಬಾಗಿಲು. ಬಾಯಿಯ ಹಿಂಭಾಗದಲ್ಲಿ, ಕಿರುನಾಲಿಗೆಯ ಹಿಂದಿನಿಂದ ಮೇಲಕ್ಕೆ ಮೂಗಿನೊಳಗೆ ಏರುವ ಓಣಿ. ನೀರು ಕುಡಿಯುವಾಗ ನಗು ಬಂದು ನೆತ್ತಿಗೆ ಹತ್ತಿದವರಿಗೆ ಈ ಓಣಿಯ ಪರಿಚಯ ಚೆನ್ನಾಗಿಯೇ ಇದೆ. ನುಂಗುವ ಕ್ಷಣದಲ್ಲಿ ಮೆದು ಅಂಗುಳ ಮೇಲೆದ್ದು ಈ ಬಾಗಿಲನ್ನು ಮುಚ್ಚುತ್ತದೆ. ನುಂಗಿ ಮುಗಿದ ಕೂಡಲೇ ಅಂಗುಳ ಇಳಿಯುತ್ತದೆ, ನಾವು ಗೊತ್ತಿಲ್ಲದೆ ಒಂದು ಸಣ್ಣ ಉಸಿರು ಹೊರಬಿಡುತ್ತೇವೆ. ಗಂಟಲ ಗೋಡೆಗೆ ಮೆತ್ತಿಕೊಂಡ ಬಿಯರಿನಿಂದ ಎದ್ದ ಆವಿಯನ್ನು ಆ ಉಸಿರು ಹೊತ್ತುಕೊಂಡು ಹಿತ್ತಿಲಿನಿಂದ ಮೂಗಿನ ಛಾವಣಿಗೆ ಹೋಗುತ್ತದೆ. ವಿಜ್ಞಾನಿಗಳು ರೆಟ್ರೋನೇಸಲ್ ಎಂದು ಕರೆಯುವ ಈ ವಾಸನೆಯನ್ನು ಹಿತ್ತಿಲ ವಾಸನೆ ಎನ್ನೋಣ.

ಒಂದು ವಿಚಿತ್ರವೆಂದರೆ, ತಲೆಬಾಗಿಲಿನಿಂದ ಬಂದದ್ದನ್ನು ಮಿದುಳು ‘ವಾಸನೆ’ ಎಂದು ದಾಖಲಿಸುತ್ತದೆ. ಅದೇ ಅಣು ಹಿತ್ತಿಲಿನಿಂದ ಬಂದರೆ ‘ರುಚಿ’ ಎಂದು ಬರೆದುಕೊಳ್ಳುತ್ತದೆ, ಅದೂ ಬಾಯಿಯ ಲೆಕ್ಕಕ್ಕೆ! ಬಾಯಲ್ಲಿ ಏನೋ ತಣ್ಣಗೆ ಹರಿಯುತ್ತಿದೆ, ನೊರೆ ಚುಚ್ಚುತ್ತಿದೆ, ಚೂರು ಸಿಹಿಯೂ ಇದೆ. ಅದೇ ಹೊತ್ತಿಗೆ ಬಾಳೆಹಣ್ಣಿನ ಸುದ್ದಿಯೂ ಬಂತು. ಎರಡೂ ಒಂದೇ ಕಡೆಯಿಂದ ಬಂದಿರಬೇಕೆಂದು ಮಿದುಳು ತೀರ್ಮಾನಿಸುತ್ತದೆ. ಕುಂದಾಪುರದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿದ್ದೀರಾ? ಮಾತಾಡುವವರು ಬೇರೆ. ಆದರೆ ಮಾತಿಗೆ ತಕ್ಕಂತೆ ತಲೆ ಕೊಂಕಿಸುವುದು ಗೊಂಬೆ. ಐದು ನಿಮಿಷದಲ್ಲಿ ನಮ್ಮ ಕಿವಿಗೆ ಗೊಂಬೆಯೇ ಮಾತಾಡುತ್ತದೆ. ಬಿಯರಿನ ಆಟದಲ್ಲಿ ನಾಲಿಗೆ ಗೊಂಬೆ, ಮೂಗು ಹಿಂದೆ ಕೂತು ಮಾತಾಡುವವರು. ಚಪ್ಪಾಳೆ ಗೊಂಬೆಗೆ.

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಇದೆಯಲ್ಲ, ಹಿತ್ತಿಲ ಬಾಗಿಲಿಗೂ ಅದೇ ಗತಿ.

ಈಗ ಗೆಳೆಯನ ಕಥೆ ಸಲೀಸು. ಅವನ ನಾಲಿಗೆ ಕೆಲಸ ಮಾಡುತ್ತಿತ್ತು. ನೊರೆಯ ಚುರುಕೂ ತಿಳಿಯುತ್ತಿತ್ತು. ಆದರೆ ಸಿಂಬಳದಿಂದ ತಲೆಬಾಗಿಲೂ ಮುಚ್ಚಿತ್ತು, ಹಿತ್ತಿಲ ಓಣಿಯಲ್ಲಿ ಗಾಳಿಯೂ ಆಡುತ್ತಿರಲಿಲ್ಲ. ಅಣುಗಳು ಛಾವಣಿ ತಲುಪಲಿಲ್ಲ. ಹೆಫೆವೈಟ್ಸನ್‌ನಲ್ಲಿ ಕಹಿಯೂ ಕಡಿಮೆ. ಮೂಗನ್ನು ಕಳೆದರೆ ಉಳಿಯುವುದು ಅವನು ಹೇಳಿದ್ದೇ, ಸಪ್ಪೆ ಸೋಡಾ.

ಬಿಯರ್ ಮುಟ್ಟದವರೂ ಇದನ್ನು ಮನೆಯಲ್ಲೇ ನೋಡಬಹುದು. ಮೂಗನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದು, ಒಂದು ಚಿಟಿಕೆ ಸೋಂಪನ್ನು ಸಕ್ಕರೆಯ ಜೊತೆ ಅಗಿಯಿರಿ. ಸಿಹಿ ತಿಳಿಯುತ್ತದೆ, ಮರಳಿನಂಥ ಏನೋ ಹಲ್ಲಿಗೆ ಸಿಕ್ಕುತ್ತದೆ, ಅಷ್ಟೇ. ಐದೆಣಿಸಿ ಮೂಗು ಬಿಡಿ. ಸೋಂಪು ಒಮ್ಮೆಲೇ ಬಾಯಿ ತುಂಬಿಕೊಳ್ಳುತ್ತದೆ. ನಾಲಿಗೆಯ ಮೇಲಿದ್ದದ್ದು ಬದಲಾಗಲಿಲ್ಲ; ಗಾಳಿಗೆ ದಾರಿ ಬಿಟ್ಟಿರಿ, ಅಷ್ಟೇ.

ಅಂಕಪಟ್ಟಿ ನಿಜವಾಗಿ ಏನನ್ನು ಅಳೆಯುತ್ತದೆ

ಗೆಳೆಯನ ಜೇಬಿನಲ್ಲಿದ್ದ ಪಟ್ಟಿ ಅಮೆರಿಕದ ಬಿಯರ್ ತೀರ್ಪುಗಾರರ ಸಂಘದ್ದು, 1985ರಿಂದ ನಡೆಯುತ್ತಿರುವ ಬಿಜೆಸಿಪಿ. ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ಸ್ವಾದಕ್ಕೆ 20, ಬಾಯಿಗೆ ಆಗುವ ಸ್ಪರ್ಶಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ಬೇರೆ ಬೇರೆ ಇಂದ್ರಿಯಗಳಿಗೆ ನ್ಯಾಯವಾಗಿ ಹಂಚಿದಂತೆ ಕಾಣುತ್ತದೆ. ಆದರೆ 12 ತಲೆಬಾಗಿಲಿನದು, 20ರಲ್ಲಿ ದೊಡ್ಡ ಪಾಲು ಹಿತ್ತಿಲಿನದು. ವೈನ್ ಪರೀಕ್ಷಿಸುವವರು ಉಗುಳುವುದುಂಟು, ಬಿಯರಿನವರು ಸಾಮಾನ್ಯವಾಗಿ ನುಂಗುತ್ತಾರೆ. ನುಂಗಿದ ಮೇಲಿನ ಆ ಒಂದು ಉಸಿರು ಅವರಿಗೆ ಬೇಕು.

ಇದು ತಿಳಿದ ಮೇಲೆ ಹಲವು ಪದ್ಧತಿಗಳ ಹಿಂದಿನ ಕಾರಣ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೊರೆಯುವ ತಣ್ಣನೆ ಬಿಯರಿಗೆ ಅಂಕ ಹಾಕಬಾರದು, ಏಕೆಂದರೆ ತಣ್ಣಗಿದ್ದಷ್ಟೂ ಅಣುಗಳು ಆವಿಯಾಗಿ ಮೇಲೇಳುವುದು ಕಡಿಮೆ. ನಾಲಿಗೆಯೂ ಮರಗಟ್ಟುತ್ತದೆ, ಕರಗಿದ ಐಸ್‌ಕ್ರೀಮ್ ಗಟ್ಟಿಯಾಗಿದ್ದುದಕ್ಕಿಂತ ಸಿಹಿಯೆನಿಸುವುದು ಇದಕ್ಕೇ. ಲೋಟವನ್ನು ಕಂಠದವರೆಗೆ ತುಂಬಬಾರದು, ಮೇಲೆ ಆವಿ ನಿಲ್ಲಲು ಜಾಗ ಬೇಕು. ನೊರೆಯನ್ನು ಊದಿ ಚೆಲ್ಲಬಾರದು. ಒಡೆಯುವ ಒಂದೊಂದು ಗುಳ್ಳೆಯೂ ಕಂಪನ್ನು ಮೇಲಕ್ಕೆ ಚಿಮ್ಮಿಸುತ್ತದೆ. ‘ಚಿಲ್ಡ್ ಬೇಕು, ನೊರೆ ಬೇಡ, ಪೂರ್ತಿ ತುಂಬು’ ಎಂದು ಬೆಂಗಳೂರಿನ ಮೇಜು ಮೇಜಿನಲ್ಲೂ ಕೇಳಿಬರುವ ಆಜ್ಞೆ, ತೆತ್ತ ದುಡ್ಡಿನಲ್ಲಿ ಅರ್ಧವನ್ನು ಹಂಡೆಯಲ್ಲೇ ಬಿಟ್ಟು ಬರುವ ಉಪಾಯ. ತುಂಬ ಕಹಿಯಾದದ್ದನ್ನು ಮೊದಲು ಕುಡಿದು ಆಮೇಲೆ ಗೋಧಿ ಬಿಯರಿಗೆ ಕೈ ಹಾಕಿದರೆ ಗೋಧಿ ಬಡವಾಗುತ್ತದೆ. ಮೂಗೂ ಬೇಗ ದಣಿಯುತ್ತದೆ. ಹೂವಿನಂಗಡಿಯವರಿಗೆ ಹೂವಿನ ಘಮ ಗೊತ್ತಾಗದ ಹಾಗೆ. ಪಳಗಿದವರು ನಡುನಡುವೆ ತಮ್ಮದೇ ತೋಳನ್ನು ಮೂಸಿ ಮೂಗನ್ನು ಮನೆಗೆ ಕರೆತರುತ್ತಾರೆ. ಐದಾರು ಬಗೆ ದಾಟಿದ ಮೇಲಿನ ಅಂಕಗಳನ್ನಂತೂ ನಾನು ನಂಬುವುದಿಲ್ಲ. ಆ ಹೊತ್ತಿಗೆ ಅಂಕ ಹಾಕುವುದು ಬಿಯರೇ.

ಇನ್ನೂ ದೊಡ್ಡ ತೊಡಕು ಹಿತ್ತಿಲಿನ ಕಾವಲುಗಾರನದು, ಅಂದರೆ ಮಿದುಳಿನದು. ಅದು ಸುದ್ದಿ ಬರುವ ಮೊದಲೇ ಅರ್ಧ ತೀರ್ಪು ಬರೆದಿಟ್ಟಿರುತ್ತದೆ. 2001ರಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದರ ಕಂಪನ್ನು ಬಣ್ಣಿಸಿದರು. ಬಿಯರಿನದೇ ಬೇಕೆಂದರೆ 2006ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅಮೆರಿಕದ ಪಬ್‌ಗಳಲ್ಲಿ ಗ್ರಾಹಕರಿಗೆ ಎರಡು ಲೋಟ ಕೊಟ್ಟರು: ಒಂದು ಮಾಮೂಲಿ ಬಿಯರ್, ಇನ್ನೊಂದಕ್ಕೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್. ಗುಟ್ಟು ಹೇಳದಿದ್ದಾಗ ಬಹಳ ಮಂದಿ ವಿನೆಗರಿನದನ್ನೇ ಮೆಚ್ಚಿದರು. ಕುಡಿಯುವ ಮೊದಲೇ ಹೇಳಿದರೆ ಹೆಚ್ಚಿನವರು ಮುಖ ಸಿಂಡರಿಸಿದರು. ಕುಡಿದ ಮೇಲೆ ಹೇಳಿದಾಗ? ಮೆಚ್ಚುಗೆ ಅಷ್ಟಾಗಿ ಇಳಿಯಲಿಲ್ಲ. ಸುದ್ದಿಯು ಗುಟುಕಿನ ಮೊದಲು ಬಂದರೆ ರುಚಿಯನ್ನೇ ಬದಲಿಸುತ್ತದೆ, ನಂತರ ಬಂದರೆ ಬರೀ ಸುದ್ದಿ.

ಆದ್ದರಿಂದಲೇ ಬಿಯರ್ ಕಾರ್ಖಾನೆಗಳು ತಮ್ಮ ಜನರನ್ನೇ ನಂಬುವುದಿಲ್ಲ. ಕಾರ್ಲ್ಸ್‌ಬರ್ಗ್‌ನಲ್ಲಿ 1940ರ ದಶಕದಲ್ಲಿ ಮೂರು ಲೋಟದ ಪರೀಕ್ಷೆಯೊಂದು ರೂಪುಗೊಂಡಿತು. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದೆಂದು ಹೇಳಬೇಕು, ಯಾವುದು ಚೆಂದ ಎಂದಲ್ಲ. ಬೇರೆಯದನ್ನೇ ಗುರುತಿಸಲಾರದವನಿಗೆ ಅಂಕ ಹಾಕುವ ಹಕ್ಕೆಲ್ಲಿ? ನಿಮ್ಮ ಮೇಜಿನಲ್ಲಿ ಯಾರಾದರೂ ‘ಹೋದ ವಾರದ ಬ್ಯಾಚ್ ಇದಕ್ಕಿಂತ ಚೆನ್ನಾಗಿತ್ತು’ ಎಂದು ವಾದ ಹೂಡಿದರೆ ಈ ಮೂರು ಲೋಟದ ಆಟ ಆಡಿಸಿ. ಮೇಜು ತಣ್ಣಗಾಗುತ್ತದೆ.

ಸೊಗಡು, ಕಮಟು, ಮುಗ್ಗಲು

ಅಂಕಪಟ್ಟಿಯ ಮೇಲೆ ನನ್ನದೊಂದು ತಕರಾರೂ ಇದೆ. ವಾಸನೆಗೆ ಹೆಸರಿಡುವುದು ಎಲ್ಲರಿಗೂ ಕಷ್ಟ. ಹೆಸರು ಸಿಕ್ಕಿದ ಕೂಡಲೇ ಮೂಗು ಚುರುಕಾಗುತ್ತದೆ. ಪಟ್ಟಿಯಲ್ಲಿರುವ ಹೆಸರುಗಳೋ ಟಾಫಿ, ಬಿಸ್ಕತ್ತು, ಪೈನ್ ಮರ, ಗ್ರೇಪ್‌ಫ್ರೂಟ್. ಪೈನ್ ಮರವನ್ನೇ ನೋಡದವನು ಅದನ್ನು ಬಿಯರಿನಲ್ಲಿ ಹುಡುಕುವುದು ಹೇಗೆ? ನಮ್ಮಲ್ಲಿ ಅವರೆಕಾಯಿಗೆ ಸೊಗಡು ಎಂಬ ಮಾತಿದೆ. ಹಳತಾದ ಎಣ್ಣೆಗೆ ಕಮಟು ಇದೆ, ಮಳೆಗಾಲದ ಬಟ್ಟೆಗೆ ಮುಗ್ಗಲು ಇದೆ, ಅನ್ನಕ್ಕೆ ಹಳಸಲು ಮತ್ತು ಸೀದದ್ದು ಇದೆ, ಬೇಯದ ಹಿಟ್ಟಿಗೆ ಹಸಿವಾಸನೆ ಇದೆ.

ಇವು ಬಿಯರಿಗೂ ಒದಗುತ್ತವೆ. ಯೀಸ್ಟ್ ಹುದುಗಿನ ನಡುವೆ ಡೈಅಸಿಟೈಲ್ ಎಂಬ ವಸ್ತುವನ್ನು ಹೊರಬಿಟ್ಟು, ಕೊನೆಗೆ ತಾನೇ ವಾಪಸು ನುಂಗುತ್ತದೆ. ಅವಸರದಲ್ಲಿ ಹಂಡೆ ಖಾಲಿ ಮಾಡಿದರೆ ಅದು ಬಿಯರಿನಲ್ಲೇ ಉಳಿದುಬಿಡುತ್ತದೆ. ಬೆಣ್ಣೆಯಲ್ಲಿರುವುದೂ ಅದೇ ಅಣು. ಬೆಣ್ಣೆ ಕಡೆದ ಮನೆಯವರಿಗೆ ಇದನ್ನು ಯಾವ ತರಬೇತಿಯೂ ಇಲ್ಲದೆ ಹಿಡಿಯಲು ಸಾಧ್ಯ. ಬಿಸಿಲು ಬಿದ್ದ ಬಿಯರಿನಲ್ಲಿ ಬೆಳಕು ಹಾಪ್ಸಿನ ಕಹಿಯನ್ನು ಒಡೆದು ಗಂಧಕದ ಒಂದು ನಾತವನ್ನು ಹುಟ್ಟಿಸುತ್ತದೆ. ಬಿಯರ್ ಬಾಟಲಿ ಕಂದಾಗಿರುವುದು ಅದನ್ನು ತಡೆಯಲು. ತುಂಬ ದಿನ ಇಟ್ಟದ್ದಕ್ಕೆ ಒದ್ದೆ ರಟ್ಟಿನ ವಾಸನೆ.

ಚಿಕ್ಕಪ್ಪ ಅಂಕಪಟ್ಟಿಯನ್ನು ತಿರುಗಿಸಿಯೂ ನೋಡದೆ ಐದನೆಯ ಲೋಟಕ್ಕೆ ‘ಸೀದ ಅನ್ನದ ತಳ, ಆದರೆ ಒಳ್ಳೆಯ ತಳ’ ಎಂದಿದ್ದರು. ಅದು ಹುರಿದ ಮಾಲ್ಟಿನ ಕಪ್ಪು ಬಿಯರ್. ಅದಕ್ಕಿಂತ ಸರಿಯಾದ ಬಣ್ಣನೆ ನಾನು ಯಾವ ಪಟ್ಟಿಯಲ್ಲೂ ಓದಿಲ್ಲ.

ಚಿಕ್ಕಪ್ಪ ಊರಿಗೆ ಹೋದ ಮೇಲೆ ಅವರಿಗೆ ಈ ಹಿತ್ತಿಲ ಬಾಗಿಲಿನ ವಿಚಾರವನ್ನೆಲ್ಲ ಫೋನಿನಲ್ಲಿ ಹೇಳಿದೆ. ಹೂಂ ಹೂಂ ಎನ್ನುತ್ತ ಕೇಳಿದರು. ನಂಬಿದಂತೆ ಕಾಣಲಿಲ್ಲ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು.

‘ಮೂಗು ಮುಚ್ಚಿಕೊಂಡು ಒಂದು ಪುಟ್ಟಬಾಳೆ ತಿಂದು ನೋಡಿದೆ ಮಾರಾಯ. ಬೇಯಿಸಿದ ಗೆಣಸು.’